ಸಮಾಧಿ ತೋಟದ ಕಲ್ಲೂ ನಮ್ಮೆಜಮಾನರ ಪ್ರಸಂಗವೂ

ನನ್ನ ಗಂಡ ನಂಜನಗೂಡಿನ ಒಂದು ಚರ್ಚಿನಲ್ಲಿ ಪಾಸ್ಟರಾಗಿದ್ದಾಗ ಅವರದೊಂದು ನಿಯಮವಿತ್ತು: ಪ್ರಸಂಗದಲ್ಲಿ ರಾಜಕೀಯ ಎತ್ತಬಾರದು. ಇದಕ್ಕೆ ಅವರು ವೇದವಾಕ್ಯದ ಆಧಾರ ಕೊಡುತ್ತಿದ್ದರು. ನನಗೆ ಗೊತ್ತಿದ್ದ ಆಧಾರ ಪುಕ್ಕಲುತನ.

ಆ ಸಲ ಚುನಾವಣೆಗೆ ಮುಂಚೆ ನಮ್ಮ ಸಮಾಧಿ ತೋಟದೊಳಗೆ ಯಾರೋ ಸೈಟಿನ ಕಲ್ಲು ನೆಟ್ಟರು. ಯಾರೋ ಏನು, ಒಬ್ಬ ಅಭ್ಯರ್ಥಿಯ ಕಡೆಯವರೇ, ಊರಿಗೆಲ್ಲ ಗೊತ್ತು. ಒಂದು ಕಲ್ಲು ನಮ್ಮ ಸಭೆಯ ಅಜ್ಜಿಯ ಗಂಡನ ಸಮಾಧಿಯ ಮೇಲೇ ಕೂತಿತ್ತು. ತನಗೆಂದು ಅಜ್ಜಿ ಬಿಡಿಸಿಟ್ಟಿದ್ದ ಪಕ್ಕದ ಜಾಗವೂ ಹೋಯಿತು. ಅವಳು ಬಂದು ಅತ್ತಾಗಲೆಲ್ಲ ಇವರು ಕಾಫಿ ಕೊಟ್ಟು, ದೇವರಿದ್ದಾನೆ ಎಂದು ಕಳಿಸಿದರು. ಕಾಫಿ ಮಾಡಿದವಳು ನಾನು.

ಒಂದು ಭಾನುವಾರ ಅದೇ ಅಭ್ಯರ್ಥಿ ಆರಾಧನೆಗೆ ಬಂದು ಮುಂದಿನ ಬೆಂಚಿನಲ್ಲಿ ಕೂತರು. ಆ ವಾರ ಓದಬೇಕಿದ್ದ ಪಾಠವೋ, ಬಡವನ ದ್ರಾಕ್ಷಿ ತೋಟವನ್ನು ಅರಸ ಕಿತ್ತುಕೊಂಡ ಕಥೆ! ಇವತ್ತು ತಪ್ಪಿಸಿಕೊಳ್ಳುವ ಹಾಗಿಲ್ಲ ಅಂದುಕೊಂಡೆ. ನಮ್ಮ ಮಹಾರಾಯರು ಅರಸನ ತಂಟೆಗೇ ಹೋಗಲಿಲ್ಲ. ಅವನ ರಾಣಿಯನ್ನು ಹಿಡಿದುಕೊಂಡು ಹೆಂಗಸರ ಆಸೆಬುರುಕತನ, ಸೀರೆಯ ಹುಚ್ಚು ಅಂತ ಕೊರೆದರು. ತಾಂಡ್ಯದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು ತೂಕಡಿಸಿದರು, ಅಭ್ಯರ್ಥಿ ತಲೆದೂಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಇವರು ಕೊಡಿಸಿದ ಸೀರೆಗಳ ಯೋಗ್ಯತೆ ನನಗೆ ಗೊತ್ತಿಲ್ಲವೇ?

ಪ್ರಸಂಗವಾದ ಮೇಲೆ ನಮ್ಮಲ್ಲಿ ಯಾರು ಬೇಕಾದರೂ ಗಟ್ಟಿಯಾಗಿ ಪ್ರಾರ್ಥಿಸಬಹುದು. ಪ್ರಾರ್ಥಿಸುವವರು ಆಮೆನ್ ಅನ್ನುವ ತನಕ ಎಲ್ಲರೂ ಕಣ್ಣು ಮುಚ್ಚಿ ನಿಂತಿರಬೇಕು, ಯಾರೂ ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ನಮ್ಮ ಸಭೆಯ ಅತ್ತೆ ಸೊಸೆಯರ ಜಗಳವೆಲ್ಲ ಹೀಗೆ ದೇವರ ಮುಖಾಂತರವೇ ನಡೆಯುತ್ತಿತ್ತು. ಅಂದು ಅಜ್ಜಿ ಶುರು ಮಾಡಿದಳು.

"ಯೇಸಪ್ಪಾ, ಈ ಸ್ವಾಮ್ಯೋರು ನಿನ್ ಮನ್ಗೆ ಬಂದವ್ರೆ, ಅವ್ರ್ಗೆ ಒಳ್ಳೇದ್ ಮಾಡು. ಅವ್ರ್ ಕಡ್ಯೋರು ನಮ್ಮೆಜಮಾನ್ರ ಎದೆ ಮ್ಯಾಲೆ ಕಲ್ಲು ನೆಟ್ಟವ್ರೆ. ನಂಗೂ ವಯಸ್ಸಾಯ್ತು, ಅವ್ರ್ ಪಕ್ಕದಾಗೇ ಮನಿಕ್ಕೋಬೇಕು. ನಮ್ ಪಾಸ್ಟ್ರು ಏಳಕ್ಕೆ ಎದ್ರುಕೋತಾರೆ, ಅದ್ಕೇ ನಾನೇ ಏಳ್ತಾ ಇವ್ನಿ. ಆಮೆನ್."

ನಾನು ಒಂದು ಕಣ್ಣು ತೆರೆದೆ. ಅಭ್ಯರ್ಥಿ ಕೈಮುಗಿದುಕೊಂಡೇ ಇದ್ದರು, ಕಿವಿ ಕೆಂಪಾಗಿತ್ತು. ಇನ್ನು ಪಾಸ್ಟರು ಆಮೆನ್ ಅಂದರೆ ಸಭೆಯೂ ಅನ್ನಬೇಕು. ಇವರು ಬಾಯೇ ಬಿಡಲಿಲ್ಲ. ಹಾಳಾಗಿ ಹೋಗಲಿ, ನಾನೇ ಅಂದುಬಿಡೋಣ ಅಂತ ಬಾಯಿ ತೆರೆದೆ.

ಅಷ್ಟರಲ್ಲಿ ಇವರು ಪೀಠದಿಂದ ಇಳಿದು ಅಜ್ಜಿಯ ಪಕ್ಕ ಬಂದು ನಿಂತರು.

"ಆಮೆನ್," ಅಂದರು. ಆಮೇಲೆ ಅಭ್ಯರ್ಥಿಯ ಕಡೆ ತಿರುಗಿದರು. "ಆ ಕಲ್ಲು ತೆಗೆಸಿ ಸಾರ್. ತೆಗೆಸೋವರ್ಗೂ ಪ್ರತಿ ಭಾನುವಾರ ನನ್ನ ಪ್ರಸಂಗ ಇದೇ."

ನನಗೆ ಅಳು ಬಂದುಬಿಟ್ಟಿತು. ಇಂಥ ಗಂಡಸನ್ನು ಮದುವೆಯಾಗಿದ್ದೇನೆಂದು ನನಗೆ ಗೊತ್ತೇ ಇರಲಿಲ್ಲ.

ಚುನಾವಣೆಗೆ ಮುಂಚೆ ಕಲ್ಲು ಹೋಯಿತು, ಚುನಾವಣೆಯಾದ ಮೇಲೆ ನಮಗೆ ನರಸೀಪುರಕ್ಕೆ ವರ್ಗವಾಯಿತು. ಹೋದ ವರ್ಷ ಅಜ್ಜಿ ತೀರಿಕೊಂಡಾಗ ಮಣ್ಣಿಗೆ ಇವರೇ ಬೇಕೆಂದು ಅವಳ ಮನೆಯವರು ಹೇಳಿಕಳಿಸಿದ್ದರು. ಇಬ್ಬರೂ ಬಸ್ಸು ಹಿಡಿದು ಹೋದೆವು. ಅವಳನ್ನು ಗಂಡನ ಪಕ್ಕದಲ್ಲೇ ಮಲಗಿಸಿದರು. ಇವರ ಪ್ರಸಂಗ ಎಂದಿನಂತೆ ಉದ್ದವಾಯಿತು. ನಾನು ಬಿಸಿಲಲ್ಲಿ ನಿಂತು ಪೂರ್ತಿ ಕೇಳಿದೆ.