ಮೂರನೇ ಕರೆ

ಮಾನ್ವಿ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಟೇಲರ್ ಮೂರು ಸಲ ಕರೆದರಷ್ಟೇ ಹೊಲಿಗೆಯಿಂದ ತಲೆ ಎತ್ತುತ್ತಿದ್ದರು. ಬಸ್ಸು ಕೇಳುವವರಿಗೆ, ಬೆಂಕಿಪೊಟ್ಟಣ ಬೇಡುವವರಿಗೆ, ಅಂಗಿಗೆ ಅವಸರ ಮಾಡುವವರಿಗೆ ಒಂದೇ ಮಾತು: "ಒಮ್ಮೆ ಕರದ್ರ ಗಾಳಿ, ಎರಡು ಸಲ ಕರದ್ರ ದೆವ್ವ. ಮೂರು ಸಲ ಕರದ್ರ ಮನಷ್ಯಾ ನೋಡ್ರಿ."

ಎಂಬತ್ತರ ದಶಕದ ಒಂದು ಬೇಸಿಗೆಯ ಮಧ್ಯಾಹ್ನ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ನನ್ನ ಅಂಗಿಯ ತೋಳು ಸೂಜಿಯ ಕೆಳಗಿತ್ತು. ಯಾರೂ ಕರೆದಿರಲಿಲ್ಲ. ಆದರೂ ಅವರು ಮಿಷಿನ್ ನಿಲ್ಲಿಸಿ, "ಬಂದೆ ಯವ್ವಾ" ಎಂದು ಎದ್ದರು.

"ಯಾರ್ ಕರದ್ರೀ?"

"ನಮ್ಮವ್ವ. ಮೂರು ಸಲ ಕರದಾಳ."

ಅವರ ತಾಯಿ ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು. ಚಪ್ಪಲಿಯನ್ನೂ ಮೆಟ್ಟದೆ ಬಿಸಿಲಿಗಿಳಿದರು. ಹಿಂದಿನಿಂದ ಎರಡು ಸಲ ಕೂಗಿದೆ. ಅವರು ತಿರುಗಲಿಲ್ಲ. ಮೂರನೇ ಸಲ ಬಾಯಿ ತೆರೆದೆ, ದನಿ ಹೊರಡಲಿಲ್ಲ.