ಪೂಜೆಯ ನಂತರದ ಗುಳಿಗೆ

ನನಗೆ ಏನೂ ಆಗಿರಲಿಲ್ಲ. ಹರ್ನಿಯಾ ಆಪರೇಷನ್‌ಗೆ ಮುಂಚೆ ಪರೀಕ್ಷೆಗೆಂದು ರಕ್ತ ಕೊಟ್ಟೆ. ಅಷ್ಟೆ.

ಎಚ್‌ಐವಿ ಪಾಸಿಟಿವ್.

ಹೆಂಡತಿ ಸವಿತಾಳ ರಿಪೋರ್ಟ್ ನೆಗೆಟಿವ್ ಬಂತು. ಅವಳು ಬೈಯಲಿಲ್ಲ. ಸೀರೆಗಳನ್ನು ಮಡಚಿಕೊಂಡು ಹುಕ್ಕೇರಿ ಕಡೆಯ ಕಣಗಲಾದಲ್ಲಿರುವ ತವರಿಗೆ ಹೋದಳು.

ಗೋಕಾಕದ ಡಾಕ್ಟರ್ ಹೇಳಿದರು: "ತ್ರಾಸ ಇಲ್ಲಂತ ಗುಳಿಗಿ ಬಿಡಬ್ಯಾಡ್ರಿ. ತ್ರಾಸ ಬರಬಾರದಂತನ ಈ ಗುಳಿಗಿ. ದಿನಾ ಒಂದ, ಕಾಯಂ."

ನಮ್ಮೂರು ಮಸಗುಪ್ಪಿಯಲ್ಲಿ ಎಂದಿನಂತೆ ಕಬ್ಬಿಗೆ ನೀರು ಹಾಯಿಸಿದೆ. ಜ್ವರವಿಲ್ಲ, ಕೆಮ್ಮಿಲ್ಲ. ಗುಳಿಗೆ ನುಂಗುವಾಗ ಮಾತ್ರ ನಾನು ರೋಗಿ. ನುಂಗದಿದ್ದರೆ, ಆ ಒಂದು ದಿನವಾದರೂ ಸವಿತಾ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ ಎಂದುಕೊಂಡು ಇರಬಹುದಲ್ಲ ಅನ್ನಿಸುತ್ತಿತ್ತು.

ಅವ್ವ ಲಿಂಗಪೂಜೆಯಾಗದೆ ನೀರನ್ನೂ ಮುಟ್ಟುವವಳಲ್ಲ, ನನಗೂ ಮುಟ್ಟಲು ಬಿಡುವುದಿಲ್ಲ. ಪೂಜೆ ಮುಗಿದ ಕೂಡಲೇ ನುಂಗುವುದೆಂದು ಗೊತ್ತುಮಾಡಿಕೊಂಡೆ. ಅವಳಿಗೆ ಶಕ್ತಿಯ ಗುಳಿಗೆ ಎಂದಿದ್ದೆ. ಒಂದು ಬೆಳಿಗ್ಗೆ ಅದು ಅಂಗೈಯಲ್ಲೇ ಉಳಿಯಿತು.

"ದಿನಾ ಪೂಜಿ ಮಾಡ್ತಿ. ಏನ ಸಿಕ್ತಬೇ ನಿನಗ?" ಎಂದೆ.

"ಸಿಗಲಿ ಅಂತ ಮಾಡ್ತಾರೇನ, ಹುಚ್ಚಪ್ಪಾ? ಸುಮ್ನ ನುಂಗ. ಹೆಂಡ್ತಿ ತವರಿಗೆ ಹೋದ್ಲಂತ ಎಷ್ಟ ಸೊರಗತಿ!"

ನಗುತ್ತಲೇ ಅಂದಳು. ನುಂಗಿದೆ.

ತಿಂಗಳುಗಳು ಕಳೆದವು. ವೈರಲ್ ಲೋಡ್ ಟೆಸ್ಟ್‌ನಲ್ಲಿ ವೈರಸ್ ಕಾಣದಷ್ಟು ಕಡಿಮೆಯಾಗಿತ್ತು. ಅದು ಹಾಗೇ ಉಳಿದರೆ ಕೂಡಿ ಬಾಳಿದರೂ ಹೆಂಡತಿಗೆ ತಗಲುವುದಿಲ್ಲ ಎಂದರು ಡಾಕ್ಟರ್. ಸವಿತಾಗೆ ಫೋನ್ ಮಾಡಿದೆ.

"ನೀವ ಹೇಳಿದ್ದ ಸಾಕಾಗೂದಿಲ್ಲ. ಡಾಕ್ಟರ್ ಬಾಯಿಂದನ ಕೇಳತೀನಿ."

ಅದಕ್ಕಾಗಿಯೇ ಗೋಕಾಕಕ್ಕೆ ಬಂದಳು. ಎಲ್ಲ ಕೇಳಿಸಿಕೊಂಡು, "ಇವರು ಗುಳಿಗಿ ಬಿಟ್ರ?" ಎಂದಳು.

"ಬಿಟ್ರ ಮಾತ ಬ್ಯಾರೆ ಆಗತೈತ್ರಿ."

ಅವಳು ನನ್ನತ್ತ ತಿರುಗಿದಳು.

"ಬಿಟ್ಟಿಲ್ಲ," ಎಂದೆ.

ಬಸ್ ನಿಲ್ದಾಣದಲ್ಲಿ ಹುಕ್ಕೇರಿ ಬಸ್ಸು ನಿಂತಿತ್ತು. ಅವಳು ಹತ್ತಿ ಕುಳಿತು, ಪಕ್ಕದ ಸೀಟಿನಿಂದ ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ಬಸ್ ಬಿಡೂತನಾ ಕುಂದರ್ರಿ," ಎಂದಳು. ಕುಳಿತೆ. ಭುಜಕ್ಕೆ ಭುಜ ತಾಗಿತು. ಅವಳು ಸರಿಯಲಿಲ್ಲ. ಅವಳ ತಲೆಯ ಕೊಬ್ಬರಿ ಎಣ್ಣೆಯ ವಾಸನೆಗೆ ನಾನು ಎಷ್ಟು ಹಂಬಲಿಸಿದ್ದೆ ಎಂಬುದು ಆಗಲೇ ನನಗೆ ಗೊತ್ತಾಗಿದ್ದು.

ಕಂಡಕ್ಟರ್ ಬಂದ. "ಎರಡೇನ್ರಿ?"

"ಈ ಸಲ ಒಂದ ಕೊಡ್ರಿ," ಎಂದಳು ಸವಿತಾ.

ಇಳಿದು, ಊರಿಗೆ ಹೋಗಲು ಮೂಡಲಗಿ ಬಸ್ಸು ಹಿಡಿದೆ. 'ಈ ಸಲ' ಅಂದಳಲ್ಲ. ಹೆಚ್ಚು ಆಸೆ ಇಟ್ಟುಕೊಳ್ಳಬಾರದು ಎಂದು ದಾರಿಯುದ್ದಕ್ಕೂ ಹೇಳಿಕೊಂಡೆ. ಇಟ್ಟುಕೊಂಡೆ.