ಜಗಳ ನಿಂತ ತಿಂಗಳು

ಬಟ್ಟೆ ಹೊಲಿಯುವ ಅಕ್ಕನಿಗೆ ಒಂದೇ ಹುಚ್ಚು. ತಾನೂ ತಂಗಿಯೂ ಸೋದರಮಾವನೂ ಮನೆಯೊಳಗೆ ಆಡುವ ಮಾತಿಗೆ ಅಂತರ್ಜಾಲದಲ್ಲಿ ಒಂದು ವಿಶ್ವಕೋಶ ಆಗಬೇಕು. ಆ ಮಾತು ಆಡುವವರು ಬೆರಳೆಣಿಕೆ ಮಂದಿ. ಅವರಲ್ಲೂ ಅರ್ಧ ಜನಕ್ಕೆ ಬೈಯುವಾಗ ಮಾತ್ರ ಅದು ನೆನಪಾಗುತ್ತಿತ್ತು.

ಹೊಸ ಭಾಷೆಗಳಿಗೆ ಮಂಜೂರಾತಿ ಕೊಡುವ ವಿಶ್ವಕೋಶದ ಸಮಿತಿಯವರು ಒಪ್ಪಿದ ಹಾಗೆ ಮಾಡಿ ಷರತ್ತು ಹಾಕಿದರು. ಭಾಷೆ ಎಷ್ಟು ಹಳೆಯದಾದರೂ ಸಾಲದು, ಇವತ್ತು ಆಡುವವರಿರಬೇಕು. ಮೊದಲು ಯಾರು ಬೇಕಾದರೂ ತಿದ್ದಬಹುದಾದ ಪ್ರಯೋಗದ ಪುಟಗಳಲ್ಲಿ ಬರೆಯಿರಿ; ಕನಿಷ್ಠ ಮೂವರು ಪ್ರತಿ ತಿಂಗಳೂ ಬರೆದರೆ ಆಮೇಲೆ ನೋಡೋಣ. ಒಬ್ಬರೇ ಮೂರು ಹೆಸರಲ್ಲಿ ಬರೆದರೆ ನಡೆಯದು.

ಅಕ್ಕ ಮಾವನನ್ನೂ ಇಸ್ತ್ರಿ ಅಂಗಡಿಯ ತಂಗಿಯನ್ನೂ ಎಳೆದು ಕೂರಿಸಿದಳು. ಮೊದಮೊದಲು ಯಾರಿಗೂ ಏನೂ ತೋಚಲಿಲ್ಲ. ಆಮೇಲೆ ಅಕ್ಕ ‘ತೊಟ್ಟಿಲು’ ಎಂಬ ಪುಟ ಬರೆದಳು ನೋಡಿ, ಬೆಂಕಿ ಹತ್ತಿಕೊಂಡಿತು. ಅಮ್ಮ ತೊಟ್ಟಿಲ ಹಗ್ಗಕ್ಕೆ ಹಾಕುತ್ತಿದ್ದುದು ಒಂಟಿ ಗಂಟು ಅಂತ ಅಕ್ಕ. ಜೋಡಿ ಗಂಟು ಅಂತ ತಂಗಿ. ಇವಳು ಬರೆದದ್ದನ್ನು ಅವಳು ಅಳಿಸಿದಳು, ಅವಳು ಬರೆದದ್ದನ್ನು ಇವಳು. ಹಿಂದೆ ಬಸ್ಸು ಓಡಿಸುತ್ತಿದ್ದ ಮಾವ ನಡುವೆ ನುಗ್ಗಿ ಇಬ್ಬರದ್ದನ್ನೂ ಅಳಿಸಿದ. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡುವುದು ನಿಂತಿತು, ಬರವಣಿಗೆ ಹೊಳೆಯಾಗಿ ಹರಿಯಿತು.

ಸಮಿತಿಗೆ ಬಲು ಸಂತೋಷ. “ನಿಮ್ಮ ಸಮುದಾಯ ಚೈತನ್ಯದಿಂದ ತುಂಬಿದೆ. ಇನ್ನೊಂದು ತಿಂಗಳು ಹೀಗೇ ನಡೆದರೆ ಮಂಜೂರು” ಎಂದರು.

ಅದೇ ತಿಂಗಳು ತಂಗಿಗೆ ಮೊಮ್ಮಗಳು ಹುಟ್ಟಬೇಕೇ! ಕೂಸನ್ನು ಎತ್ತಿಕೊಂಡದ್ದೇ ತಡ, ಅಕ್ಕತಂಗಿಯರು ತಬ್ಬಿಕೊಂಡು ಅತ್ತು ಒಂದಾದರು. ಗಂಟು ಯಾವುದಾದರೇನು ಅಂದುಬಿಟ್ಟರು. ಮಾತೆಲ್ಲ ಫೋನಿನಲ್ಲೇ ಮುಗಿಯಿತು, ಪುಟಗಳಲ್ಲಿ ಸದ್ದಿಲ್ಲ.

ತಿಂಗಳು ಮುಗಿಯುತ್ತ ಬಂತು. ಮಾವ ಹೊಲಿಗೆ ಅಂಗಡಿಗೇ ಬಂದು ಕೂಗಾಡಿದ: “ರಾಜಿ ಆಗೋಕೆ ನಿಮಗೆ ಇದೇ ತಿಂಗಳು ಬೇಕಿತ್ತೇನ್ರೇ? ನಾನೊಬ್ಬ ಯಾರದ್ದನ್ನ ಅಳಿಸಲಿ?”

“ಈಗ ತಾನೇ ಸರಿಹೋಗಿದೀವಿ ಮಾವ. ಮತ್ತೆ ಕಿತ್ತಾಡು ಅಂತೀರಾ?”

“ವಿಶ್ವಕೋಶ ಬೇಕೋ ತಂಗಿ ಬೇಕೋ, ನೀನೇ ನೋಡ್ಕೊ.”

ಅಕ್ಕ ಕತ್ತರಿ ಕೆಳಗಿಟ್ಟು ಯೋಚಿಸಿದಳು. ಕಷ್ಟಪಟ್ಟು ಕೂಡಿದ ಸಂಬಂಧ. ಆದರೂ ಕೈ ಕೇಳಲಿಲ್ಲ. ಹೊಸ ಪುಟ ತೆರೆದು ಬರೆದಳು: ‘ತಂಗಿ. ಒಡಹುಟ್ಟಿದವರಲ್ಲಿ ಕಿರಿಯಳು. ಹೇಳಿದ ಮಾತು ಕೇಳುವ ಅಭ್ಯಾಸ ಈ ಪ್ರಭೇದದಲ್ಲಿ ಕಂಡುಬಂದಿಲ್ಲ.’

ಫೋನು ಬಡಿದುಕೊಂಡಿತು. “ಏನೇ ಅಕ್ಕ, ಕೊಬ್ಬಾ ನಿಂಗೆ?”

“ಫೋನಲ್ಲಿ ಬೈದ್ರೆ ಲೆಕ್ಕಕ್ಕಿಲ್ಲ ಕಣೇ. ಅಲ್ಲೇ ಬರಿ” ಎಂದು ಅಕ್ಕ ಫೋನು ಇಟ್ಟುಬಿಟ್ಟಳು.

ಸಂಜೆಯೊಳಗೆ ‘ಅಕ್ಕ’ ಎಂಬ ಪುಟ ಹುಟ್ಟಿತ್ತು, ಇದಕ್ಕಿಂತ ಬಹಳ ಉದ್ದ. ಮಾವ ಎರಡರ ತಲೆಯ ಮೇಲೂ ‘ಆಧಾರ ಬೇಕು’ ಎಂದು ಬರೆದು ನೆಮ್ಮದಿಯ ಉಸಿರು ಬಿಟ್ಟ.

ಮಂಜೂರಾತಿ ಬಂತು. ಇಷ್ಟು ಒಗ್ಗಟ್ಟಿನ ಸಮುದಾಯ ಅಪರೂಪ ಎಂದು ಸಮಿತಿಯವರು ಹೊಗಳಿದ್ದರು.